ಕಲೆಯಿಲ್ಲದ ಸಂಬಂಧ

“ಗಡ್ಡೆ ದೊಡ್ಡದಿದೆಯಮ್ಮ, ಮಗಳ ಗರ್ಭಕೋಶ ತೆಗೀಲೇಬೇಕು.”

“ತೆಗೀರಿ ಡಾಕ್ಟ್ರೇ. ಆದ್ರೆ ಅವಳಿಗೆ ಗಂಡು ನೋಡ್ತಿದ್ದೀವಿ, ಹೊಟ್ಟೆ ಮೇಲೆ ಕಲೆ ಬೀಳಬಾರದು.”

“ಹೊಟ್ಟೆ ಕೊಯ್ಯೋದೇ ಇಲ್ಲ. ಕೆಳಗಿನ ದಾರಿಯಿಂದಲೇ ತೆಗೀತೀನಿ, ಯಾರಿಗೂ ಕಾಣಲ್ಲ. ಗಂಡಿನ ಕಡೆಯವರಿಗೆ ಮಾತ್ರ ನೀವೇ ಹೇಳ್ಬೇಕು.”

ತಾಯಿ ಹೂಂ ಅಂದಳು. ಹೇಳಲಿಲ್ಲ.

ಧಾರೆಯ ದಿನ ಛತ್ರದ ಮುಂದಿನ ಸಾಲಿನಲ್ಲೇ ಆ ಡಾಕ್ಟರು ಕೂತಿದ್ದರು. ತಾಯಿ ಅಕ್ಷತೆಯ ತಟ್ಟೆ ಹಿಡಿದುಕೊಂಡೇ ಹತ್ತಿರ ಹೋಗಿ ಬಗ್ಗಿದಳು.

“ನಿಮ್ಮನ್ನ ನಾವು ಕರೆದಿರ್ಲಿಲ್ವಲ್ಲ! ದಮ್ಮಯ್ಯ, ಬೀಗರ ಮುಂದೆ ಬಾಯಿಬಿಡ್ಬೇಡಿ.”

“ಬಿಡಲ್ಲಮ್ಮ. ನನ್ನನ್ನ ಕರೆದದ್ದು ಅವರೇ.”

ಮಂಟಪದಲ್ಲಿ ಗಟ್ಟಿಮೇಳ ಮೊಳಗಿತು. ಡಾಕ್ಟರು ಅಕ್ಷತೆ ತೆಗೆದುಕೊಂಡು ಎದ್ದು ನಿಂತರು.

“ಹುಡುಗನಿಗೂ ಕಲೆ ಬೀಳಬಾರದು ಅಂದಿದ್ರು.”