ಬಾಲದ ಗಿಡ್ಡ ಮುಳ್ಳು

"ಅದನ್ನ ಸಿಂಕಿಗೆ ಚೆಲ್ಲಮ್ಮ," ಎಂದರು ಪ್ರೊಫೆಸರು. ಸತ್ತ ನೀರುಹಾವಿನ ಕರುಳಿನಿಂದ ಅವರ ಸಂಶೋಧನಾ ವಿದ್ಯಾರ್ಥಿನಿ ಒಂದೊಂದಾಗಿ ಬಿಡಿಸಿ ತೆಗೆದ, ದಾರದೆಳೆಯಂಥ ಹುಳಗಳು ಆ ಸೀಸೆಯಲ್ಲಿದ್ದವು. "ಈ ಹುಳಕ್ಕೆ ಹೆಸರಿಟ್ಟವನೇ ನಾನು. ಹೊಸ ಜಾತಿ ಅಂತ ನನಗೇ ಪಾಠ ಹೇಳ್ತೀಯಾ?"

ಸಂಶೋಧನೆಗೆ ಸೇರಿದಂದಿನಿಂದ ಅವರೆದುರು ತುಟಿಪಿಟಕ್ಕೆನ್ನದಿದ್ದವಳು ಸೀಸೆಯನ್ನು ಎದೆಗವಚಿಕೊಂಡಳು. "ಚೆಲ್ಲಲ್ಲ ಸರ್. ಒಂದನ್ನ ಸ್ಲೈಡಿಗೆ ಹಾಕಿಟ್ಟಿದೀನಿ, ಮೊದಲು ನೋಡಿ. ನಿಮ್ಮ ಹುಳದಲ್ಲಿ ಗಂಡಿನ ಬಾಲದ ಎರಡು ಮುಳ್ಳೂ ಒಂದೇ ಉದ್ದ. ಇದರಲ್ಲಿ ಒಂದು ಗಿಡ್ಡ."

ಮೂಗು ಮುರಿಯುತ್ತಲೇ ಅವರು ಸೂಕ್ಷ್ಮದರ್ಶಕಕ್ಕೆ ಬಗ್ಗಿದರು. ತಿರುಪನ್ನು ಹಿಂದೆ ತಿರುಗಿಸಿದರು, ಮುಂದೆ ತಿರುಗಿಸಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಅವರ ಕಿವಿ ಕೆಂಪೇರಿದ್ದು ಅವಳಿಗೆ ಕಂಡಿತು. ಆಮೇಲೆ ಕಣ್ಣು ಕೀಳದೆಯೇ ಧ್ವನಿಗೆ ಬೆಣ್ಣೆ ಸವರಿಕೊಂಡರು. "ಭೇಷ್ ಕಣಮ್ಮ! ಇಬ್ಬರೂ ಸೇರಿ ಲೇಖನ ಬರೆಯೋಣ. ನನ್ನ ಹೆಸರು ಮೊದಲಿರಲಿ, ನಿನಗೇ ಒಳ್ಳೇದು."

ಅವರು ನೋಡುತ್ತಿದ್ದಂತೆಯೇ ಅವಳು ಸ್ಲೈಡನ್ನು ಲೆನ್ಸಿನ ಕೆಳಗಿನಿಂದ ಎಳೆದುಕೊಂಡಳು.

"ಚೆಲ್ಲು ಅಂದೋರು ನೀವು ಸರ್," ಎಂದಳು. "ಉಳಿಸಿಕೊಂಡಿದ್ದು ನಾನು. ಇದಕ್ಕೆ ನಾನೊಬ್ಬಳೇ ಹೆಸರಿಡ್ತೀನಿ."