ಕಾಲುವೆಯಾಚೆಯ ಸೀಟು

ಕಬ್ಬಿಣದ ಸರಳು ಎಫುವಾಳ ಮೊಣಕಾಲಿಗೆ ಬಿದ್ದ ಸದ್ದು ಸೇತುವೆಯ ಕೆಳಗೆ ಎರಡು ಸಲ ಕೇಳಿಸಿತು. ಬಿದ್ದಾಗ ಒಮ್ಮೆ, ಗೋಡೆಗೆ ತಾಗಿ ಮರಳಿದಾಗ ಇನ್ನೊಮ್ಮೆ. ಅವಳು ಕಾಲುವೆಯ ದಂಡೆಯ ಮೇಲೆ ಕುಸಿದಳು. ಮುಸುಕು ಹಾಕಿದ್ದ ಮೂವರು ಹುಡುಗರು ತುಟಿಪಿಟಿಕ್ಕೆನ್ನಲಿಲ್ಲ.

"ಸಾಕು, ಬಿಡ್ರೋ, ಸಾಕು" ಎಂದು ಕಿರುಚುತ್ತ ಟಮಾರಾ ನಡುವೆ ನುಗ್ಗಿದಳು. ಒಬ್ಬ ಹಿಂಗೈಯಿಂದ ಅವಳ ಕೆನ್ನೆಗೆ ಬಾರಿಸಿದ. ತುಟಿ ಒಡೆಯಿತು. ಇನ್ನೊಬ್ಬ, ಕುಳ್ಳ, ಜೇಬಿನಿಂದ ಚಾಕು ತೆಗೆದ. ಅದನ್ನು ಕಂಡದ್ದೇ ಟಮಾರಾ ಹುಚ್ಚಿಯ ಹಾಗೆ ಅವನ ತೋಳಿಗೆ ಜೋತುಬಿದ್ದಳು. ಅವನು ಕೊಡವಿಕೊಂಡ. ಚಾಕು ಎಫುವಾಳ ಹೊಟ್ಟೆಗೆ ಇಳಿದು ಹೊರಗೆ ಬಂತು. ಮೂವರೂ ಓಡಿದರು. ಎಫುವಾಳ ಫೋನು ಅವಳ ಪಕ್ಕದಲ್ಲೇ ಬಿದ್ದಿತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ.

ಆ ಗುರುವಾರ ಬೆಳಿಗ್ಗೆಯಷ್ಟೇ ಶಾಲೆಯಲ್ಲಿ ಫಲಿತಾಂಶದ ಲಕೋಟೆ ಕೊಟ್ಟಿದ್ದರು. ಎಫುವಾ, ಟಮಾರಾ ಇಬ್ಬರಿಗೂ ಹದಿನಾರು ವರ್ಷ. ಒಂದೇ ಕಟ್ಟಡದ ಒಂಬತ್ತನೇ ಮಹಡಿಯಲ್ಲಿ ಎದುರುಬದುರು ಬಾಗಿಲು, ಒಂದೇ ತಟ್ಟೆಯಲ್ಲಿ ತಿಂದು ಬೆಳೆದವರು. ಇಬ್ಬರೂ ಕಾಲುವೆಯಾಚೆಯ ಸಿಕ್ಸ್ತ್ ಫಾರ್ಮ್ ಕಾಲೇಜಿಗೇ, ಅಂದರೆ ಪಿಯುಸಿಯಂಥ ಎರಡು ವರ್ಷದ ಓದಿಗೆ, ಅರ್ಜಿ ಹಾಕಿದ್ದರು. ಇಬ್ಬರೂ ಕೇಳಿದ್ದು ರಸಾಯನಶಾಸ್ತ್ರ, ಜೀವಶಾಸ್ತ್ರ, ಗಣಿತ. ಮುಂದೆ ಡಾಕ್ಟರಾಗುವವರು ಹಿಡಿಯುವ ದಾರಿ ಅದು. ಎಫುವಾಳಿಗೆ ಸೀಟು ಸಿಕ್ಕಿತು. ಟಮಾರಾಳಿಗೆ ಕೂದಲೆಳೆಯಲ್ಲಿ ತಪ್ಪಿತು. ಮನೆ ಹತ್ತಿರದ ಕಾಲೇಜಿನಲ್ಲಿ ಪ್ರವಾಸೋದ್ಯಮ ಓದು ಎಂದು ಶಾಲೆಯವರು ಬೆನ್ನು ತಟ್ಟಿ ಕಳಿಸಿದರು. ಬೇರೆಯವರಾಗಿದ್ದರೆ ಮುಖ ಊದಿಸಿಕೊಂಡು ಮೂಲೆ ಹಿಡಿಯುತ್ತಿದ್ದರು. ಇವಳು ಗೆಳತಿಯ ಜೊತೆಗೆ ಹೊರಟಳು.

ಸೀಟು ಸಿಕ್ಕವರು ಅಂದೇ ನಾಲ್ಕು ಗಂಟೆಯೊಳಗೆ ಖುದ್ದಾಗಿ ಹೋಗಿ ಸಹಿ ಹಾಕಬೇಕು. ಹಾಕದಿದ್ದರೆ ಸೀಟು ಹೋಯಿತು. ಕಾಲೇಜು ಇರುವುದೋ ಬೇರೆ ಪೋಸ್ಟ್‌ಕೋಡಿನಲ್ಲಿ, ಬೇರೆ ಗುಂಪಿನ ಏರಿಯಾದಲ್ಲಿ. ಲಂಡನ್ನಿನ ಈ ಮೂಲೆಯ ಹುಡುಗರಿಗೆ ಅದು ವೈರಿಗಳ ದೇಶ. ಅವರ ಹಾಳು ರಿವಾಜೂ ಒಂದಿದೆ. ಮೊದಲು ತಡೆದು "ಎಲ್ಲಿಯವರು?" ಎಂದು ಕೇಳುತ್ತಾರೆ. ಉತ್ತರ ಹಿಡಿಸದಿದ್ದರೆ ಆಮೇಲೆ ಏಟು.

"ಬಸ್ಸಲ್ಲಿ ಆ ಕಡೆ ಹುಡುಗ್ರು ಹತ್ತುತಾರೆ ಕಣೇ, ಕಾಲುವೆ ದಾರಿ ವಾಸಿ" ಎಂದಿದ್ದಳು ಟಮಾರಾ. ಎಫುವಾ ಒಪ್ಪಿ ಬಂದಿದ್ದಳು.

ಈಗ ಅವಳು ಎರಡೂ ಕೈಯಲ್ಲಿ ಹೊಟ್ಟೆ ಅದುಮಿಕೊಂಡು ಮಲಗಿದ್ದಳು. ಕಾಲುವೆಯಲ್ಲಿ ನಿಂತ ದೋಣಿಮನೆಯೊಂದರಿಂದ ಮುದುಕಿಯೊಬ್ಬಳು ಓಡಿಬಂದು ಗಾಯಕ್ಕೆ ಟವೆಲ್ ಒತ್ತಿದಳು, ಆಂಬುಲೆನ್ಸಿಗೆ ಫೋನ್ ಮಾಡಿದಳು.

"ಟೈಮೆಷ್ಟು?" ಎಫುವಾ ಕೇಳಿದಳು.

"ಮೂರೂವರೆ. ಮಾತಾಡ್ಬೇಡ ಸುಮ್ನಿರು." ಟಮಾರಾಳ ಅಳು ನಿಲ್ಲುತ್ತಿರಲಿಲ್ಲ. ಅದು ನಾಟಕದ ಅಳುವಲ್ಲ.

"ಲಕೋಟೆ ತಗೊಂಡು ಓಡು. ಹಿಂಗಾಯ್ತು, ಸೀಟು ಹಿಡ್ಕೊಂಡಿರಿ ಅಂತ ಹೇಳು."

"ನಿನ್ನ ಬಿಟ್ಟು ಹೆಂಗೆ ಹೋಗ್ಲಿ?"

"ಅಮ್ಮ ಹದಿನೈದು ವರ್ಷದಿಂದ ಆಸ್ಪತ್ರೆ ನೆಲ ಒರೆಸ್ತಿದಾಳೆ ಕಣೇ. ಅದೇ ಆಸ್ಪತ್ರೇಲಿ ನಾನು ಡಾಕ್ಟ್ರಾಗ್ಬೇಕು. ಹೋಗೇ, ನಿನ್ನ ದಮ್ಮಯ್ಯ."

ಕೆಂಪು ಬೆರಳಚ್ಚು ಮೂಡಿದ ಲಕೋಟೆಯನ್ನು ಟಮಾರಾ ಜಾಕೆಟ್ಟಿನೊಳಗೆ ತುರುಕಿಕೊಂಡು ಓಡಿದಳು.

ಕಾಲುವೆ ದಾಟಿ ಮೆಟ್ಟಿಲು ಹತ್ತಿದ್ದೇ ಸೈಕಲ್ಲಿನ ಮೇಲಿದ್ದ ಇಬ್ಬರು ಅಡ್ಡಹಾಕಿದರು. "ಯಾವ ಕಡೆಯವಳೇ ನೀನು?" ಅವಳು ತಡವರಿಸಿದಳು. ತಡವರಿಸಿದ್ದೇ ಉತ್ತರವಾಯಿತು. ಒಬ್ಬ ಜಡೆ ಹಿಡಿದು ಬೇಲಿಗೆ ಅಪ್ಪಳಿಸಿದ. ಇನ್ನೊಬ್ಬ ಪಕ್ಕೆಗೆ ಒದ್ದ. ಒದೆಯ ಮೇಲೆ ಒದೆ. ಅವಳು ಜಡೆ ಹಿಡಿದವನ ಹೆಬ್ಬೆರಳನ್ನು ರಕ್ತ ಬರುವಂತೆ ಕಚ್ಚಿದಳು. ಅವನು ಕೈಬಿಟ್ಟ. ಒಂದು ಕಾಲಿನ ಬೂಟು ಅಲ್ಲೇ ಉಳಿಯಿತು. ಬರಿಗಾಲನ್ನು ಎಳೆದುಕೊಂಡೇ ಓಡಿದಳು.

ಕಾಲೇಜಿನ ಗೇಟಿನಲ್ಲಿ ಕಾವಲುಗಾರ ಗ್ಲೆನ್‌ರಾಯ್ ಅವಳನ್ನು ಕಂಡು ಕುರ್ಚಿ ಬಿಟ್ಟು ಎದ್ದ. ಅರವತ್ತು ದಾಟಿದ ಮನುಷ್ಯ, ಈ ಬೀದಿಗಳಲ್ಲೇ ತಲೆ ನೆರೆದಿತ್ತು.

"ಅಯ್ಯೋ ಮಗಾ, ಯಾರು ಹೊಡೆದದ್ದು?"

"ಸೇತುವೆ ಕೆಳಗೆ ಮೂರು ಜನ, ಅಂಕಲ್."

"ಎಲ್ಲಿಯವಳು ಅಂತ ಕೇಳಿದ್ರಾ?"

"ಇಲ್ಲ. ಏನೂ ಕೇಳ್ಲಿಲ್ಲ."

ಗ್ಲೆನ್‌ರಾಯ್ ಹುಬ್ಬು ಗಂಟಿಕ್ಕಿದ. "ಕೇಳ್ದೇ ಹೊಡೆಯೋ ಹುಡುಗ್ರನ್ನ ಇಲ್ಲಿ ನಾ ಕಂಡಿಲ್ಲ" ಎಂದ. ಅಷ್ಟರಲ್ಲಿ ಅವಳು ಒಳಗೆ ಹೋಗಿಯಾಗಿತ್ತು. ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಆರು ನಿಮಿಷವಿತ್ತು.

ದಾಖಲಾತಿಯ ಮೇಜಿನ ಹಿಂದೆ ಕನ್ನಡಕದ ಹೆಂಗಸು ಕಾಗದ ಜೋಡಿಸಿಡುತ್ತಿದ್ದಳು. ಪಟ್ಟಿಯಲ್ಲಿ ಸಹಿ ಬೀಳದ ಹೆಸರು ಒಂದೇ ಉಳಿದಿತ್ತು.

"ಎಫುವಾ ಮೆನ್ಸಾ ನೀನೇನಮ್ಮಾ?"

"ಅಲ್ಲ ಮೇಡಂ. ಅವಳ ಫ್ರೆಂಡು." ಟಮಾರಾ ಏದುಸಿರು ಬಿಡುತ್ತಿದ್ದಳು. "ಅವಳು ಬರಲ್ಲ."

ಹೆಂಗಸು ಅವಳ ಒಡೆದ ತುಟಿ ನೋಡಿದಳು, ಬರಿಗಾಲು ನೋಡಿದಳು. ಪೆನ್ನು ಕೆಳಗಿಟ್ಟಳು. "ಅವಳಿಗೇನಾದ್ರೂ ಆಗಿದ್ರೆ ಹೇಳು, ಹೆದರ್ಬೇಡ. ಸೋಮವಾರದವರೆಗೆ ಸೀಟು ನಾನು ಹಿಡಿದಿಡ್ತೀನಿ. ಅಷ್ಟು ನನ್ನ ಕೈಲಿದೆ."

ಟಮಾರಾ ಗಡಿಯಾರ ನೋಡಿದಳು. ಕಣ್ಣೊರೆಸಿಕೊಂಡಳು. ದೂರದಲ್ಲಿ ಆಂಬುಲೆನ್ಸಿನ ಸದ್ದು ಕೇಳುತ್ತಿತ್ತು.

"ಅವಳಿಗೇನೂ ಆಗಿಲ್ಲ ಮೇಡಂ. ಮನೆ ಹತ್ರದ ಕಾಲೇಜೇ ಸಾಕಂತೆ."

ಜಾಕೆಟ್ಟಿನೊಳಗಿಂದ ತನ್ನ ಲಕೋಟೆ ತೆಗೆದು ಮೇಜಿನ ಮೇಲಿಟ್ಟಳು. ಅದರ ಮೇಲೆ ಒಂದು ಹನಿ ರಕ್ತವೂ ಇರಲಿಲ್ಲ.

"ಕಾಯೋರ ಪಟ್ಟೀಲಿ ಮೊದಲ್ನೇ ಹೆಸರು ನಂದು."

ಮೂರು ಐವತ್ತೆಂಟಕ್ಕೆ ಸಹಿ ಬಿತ್ತು. ಹೊರಗೆ ಬರುವಷ್ಟರಲ್ಲಿ ಫೋನಿನಲ್ಲಿ ಅವಳ ಚಿಕ್ಕಮ್ಮನ ಮಗ, ಕುಳ್ಳ ಜೆರೆಲ್‌ನ ಸಂದೇಶ ಬಂದು ಕೂತಿತ್ತು: "ಸೀಟು ಸಿಕ್ತಾ?"

"ಸಿಕ್ತು" ಎಂದು ಟೈಪಿಸಿದಳು. "ಮೊಣಕಾಲಿಗೆ ಮಾತ್ರ ಅಂತ ನಾನು ಅಂದಿದ್ನಲ್ಲೋ, ಚಾಕು ಯಾಕೆ ತಂದೆ?"