ಭಂಡಾರ ಬಿದ್ದ ಮಷೀನು

ಗುರುಪಾದ ಡ್ರಮ್ ಮಷೀನಿನ ವೈರನ್ನು ಕಿತ್ತು ಮತ್ತೆ ಚುಚ್ಚಿದ. ಕಂಪ್ಯೂಟರಿನಲ್ಲಿ ಹಾಡು ಕೂಡಿಸುವ ಸಾಫ್ಟ್‌ವೇರು ಮುಂಜಾನೆಯಿಂದ ಹೇಳಿದ್ದನ್ನೇ ಹೇಳಿತು: ಯಾವ ಸಾಧನವೂ ಸಿಕ್ಕಿಲ್ಲ.

"ಸಾಕಾತು. ನಾಳೆ ಜಮಖಂಡಿ ಅಂಗಡಿಗೆ ತಿರುಗಿ ಕೊಟ್ಟು ಬರ್ತೇನಿ. ಹೆಗಲು ಸೋತ ಮ್ಯಾಲೆ ಡೊಳ್ಳು ಬಿಟ್ಟೆ. ಬೆರಳಿನ್ಯಾಗರ ಬಾರಸೋಣು ಅಂದ್ರ ಇದೂ ಒಲ್ಲೆ ಅಂತೈತಿ."

ಹೆಂಡತಿ ಸುಂದರವ್ವ ವೈರನ್ನು ಕಿತ್ತು ಬೆಳಕಿಗೆ ಹಿಡಿದಳು. ತುದಿಯೆಲ್ಲ ಹಳದಿ. ಅವಳ ಮುಖ ಸಣ್ಣದಾಯಿತು.

"ಇದಕ್ಕ ಹೊಸಾ ಡೊಳ್ಳು ಅಂದ್ರಲ್ಲರಿ. ಬೀರಪ್ಪ ದೇವರ ಭಂಡಾರ ಹಾಕದ ಹೆಂಗ ಬಾರಸ್ತೀರಿ ಅಂತ, ನಾನ ಒಂದ್ ಹಿಡಿ ಅರಿಷಿಣ ತೂರಿದ್ನಿ."

"ತೂತಿನ್ಯಾಗೂ ತೂರಿದಿ?"

"ಭಂಡಾರ ಎಲ್ಲಿ ಬೀಳಲಿ ಅಂತ ಕೇಳಿ ಬೀಳತೈತೇನ್ರಿ?"

ಅವಳು ಹಲ್ಲುಜ್ಜುವ ಒಣ ಬ್ರಷ್ಷಿನಿಂದ ತೂತಿನೊಳಗಿನ ಪುಡಿ ಕೆದರಿ, ಉಫ್ ಎಂದು ಊದಿದಳು. ಅವನು ವೈರಿನ ತುದಿ ಒರೆಸಿ, ಬೆರಳಿಗಂಟಿದ ಹಳದಿಯನ್ನು ಹಣೆಗೆ ಹಚ್ಚಿಕೊಂಡ. ವೈರು ಚುಚ್ಚಿ, ಮಷೀನಿನ ಗುಂಡಿಯ ಮೇಲೆ ಎರಡು ಬೆರಳು ಬಡಿದ. ಪರದೆಯಲ್ಲಿ ಹಸಿರು ಗೆರೆಯೊಂದು ಎದ್ದಿತು. ಸ್ಪೀಕರಿನಿಂದ ಡೊಳ್ಳಿನ ದನಿ ಬಂತು.

ಇಲ್ಲದ ಡೊಳ್ಳಿನ ಭಾರಕ್ಕೆ ಅವನ ನೋಯುವ ಹೆಗಲು ತಾನಾಗಿಯೇ ಬಾಗಿತು.